ಗೆರೆಯ ಈಚೆ ಬಿದ್ದ ಕಾಳು

ಕೆಟ್ಟ ಸಾಮಾನು ಹೊತ್ತು ತರುವವರಲ್ಲಿ ನಿಜ ಹೇಳುವವರನ್ನು ರೇಡಿಯೊ ಅಕ್ಕ ಇಷ್ಟು ವರ್ಷಗಳಲ್ಲಿ ಒಬ್ಬರನ್ನೂ ಕಂಡಿರಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು: "ತಾನಾಗೇ ಹೋಯ್ತು ಅಕ್ಕ." ಹಾಲಿನ ಪಾತ್ರೆಗೆ ಬಿದ್ದ ಟೇಪ್‌ರೆಕಾರ್ಡರ್ ತಂದವನೂ ಹಾಗೇ ಅಂದಿದ್ದ, ಬಿಚ್ಚಿದರೆ ಒಳಗೆ ಕೆನೆ ಕಟ್ಟಿತ್ತು. ಹೆಂಡತಿಯ ಜೊತೆ ಜಗಳವಾಡಿ ಫೋನನ್ನು ಗೋಡೆಗೆ ಬೀಸಿದ ಟೈಲರ್, "ಮೇಜಿನ ಮೇಲೆ ಇಟ್ಟಿದ್ದೆ, ತಾನಾಗೇ ಒಡೀತು" ಅಂದ. ಫೋನಿನ ಮೂಲೆಗೆ ಗೋಡೆಯ ಸುಣ್ಣ ಇನ್ನೂ ಮೆತ್ತಿಕೊಂಡಿತ್ತು.

"ತಾನಾಗೇ ಆಗೋದು ಕೂದಲು ನರೆಯೋದು ಒಂದೇ," ಅನ್ನುತ್ತಿದ್ದಳು ಅಕ್ಕ. "ಮಿಕ್ಕಿದ್ದಕ್ಕೆಲ್ಲ ಯಾರದೋ ಕೈ ಇರತ್ತೆ. ಯಾರ ಕೈ ಅಂತ ಹೇಳಿದ್ರೆ ನನಗೆ ಅರ್ಧ ದಿನ ಉಳಿಯತ್ತೆ. ಹೇಳಲ್ಲ. ಹೇಳಿದ್ರೆ ಇವರ ಬಾಯಿ ಬಿದ್ದುಹೋಗತ್ತೆ."

ಊರವರ ಸುಳ್ಳನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ನುಂಗಲಾಗದೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಹೊಟ್ಟೆಯಲ್ಲಿ ಹುಟ್ಟಿದ ಮಗಳದು.

ರೇಡಿಯೊ ಅಕ್ಕ ಎಂಬ ಹೆಸರು ಅಂಟಿ ಎಷ್ಟೋ ಕಾಲವಾಯಿತು. ರೇಡಿಯೊ ತರುವವರು ಈಗ ಯಾರೂ ಇಲ್ಲ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟು, ಹತ್ತೊಂಬತ್ತಕ್ಕೆ ರೇಡಿಯೊ ರಿಪೇರಿಯವನ ಕೈಹಿಡಿದು ಬಂದವಳು. ಮಹಡಿ ಮೆಟ್ಟಿಲ ಕೆಳಗಿನ ಕೋಣೆಯೇ ಅಂಗಡಿ: ಒಂದು ಬೆಂಚು, ಒಂದು ಸ್ಟೂಲು, ಬೇಕಾದ ಕಡೆಗೆ ಕತ್ತು ತಿರುಗಿಸುವ ಒಂದು ದೀಪ. ಎತ್ತರದವರು ತಲೆ ತಗ್ಗಿಸದೆ ಬಂದರೆ ಮೆಟ್ಟಿಲು ಹಣೆಗೆ ಬಡಿದು ತಾನೇ ಬುದ್ಧಿ ಹೇಳುತ್ತಿತ್ತು. ಗಂಡ ಕೆಲಸ ಮಾಡುವಾಗ ದೀಪ ಹಿಡಿಯುವುದು ಅವಳ ಪಾಲಿನ ಕೆಲಸ. "ಇತ್ತ ಹಿಡಿ. ಅತ್ತ ಹಿಡಿ. ನೆರಳು ಬೀಳಿಸಬೇಡ." ಹದಿನೆಂಟು ವರ್ಷ ಹಿಡಿದಳು. ದೀಪ ಹಿಡಿದವಳಿಗೆ ಕಾಣದೆ ಇರುತ್ತದೆಯೇ? ಅವನು ಎಲ್ಲಿ ಮುಟ್ಟಿದ, ಎಲ್ಲಿ ಮುಟ್ಟಲು ಹೆದರಿದ, ಯಾವ ಭಾಗವನ್ನು ಬೈದುಕೊಂಡ, ಎಲ್ಲವೂ ಅವಳ ಕಣ್ಣಿನೊಳಗೆ ಹೋಗಿ ಕೂತುಬಿಟ್ಟವು. ಮೂರು ದಿನದ ಜ್ವರಕ್ಕೆ ಅವನು ಹೊರಟುಹೋದಾಗ ಬೆಂಚಿನ ಮೇಲೆ ಒಂಬತ್ತು ಸೆಟ್ಟು ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದವು. ತಿಂಗಳಾದ ಮೇಲೆ ಅವುಗಳ ಯಜಮಾನರು ಬಾಗಿಲಲ್ಲಿ ಬಂದು ನಿಂತರು. ಸಾಂತ್ವನ ಹೇಳಲು ಬಂದವರಲ್ಲ, ಸೆಟ್ಟು ಕೇಳಲು ಬಂದವರು. ಅಕ್ಕ ಸ್ಟೂಲಿನ ಮೇಲೆ ಕೂತು ಒಂದೊಂದನ್ನೇ ಮುಗಿಸಿ ಕೊಟ್ಟಳು. ಏಳು ಹಾಡಿದವು. ಉಳಿದೆರಡನ್ನು ಗಂಡ ಬದುಕಿದ್ದರೂ ಹಾಡಿಸುವುದಕ್ಕೆ ಆಗುತ್ತಿರಲಿಲ್ಲ.

ಆಮೇಲೆ ಟಿವಿ, ಫೋನು, ಕಂಪ್ಯೂಟರ್ ಎಲ್ಲ ಆ ಬೆಂಚಿಗೆ ಬಂದವು. ಇಂಗ್ಲಿಷ್ ಅಕ್ಷರಗಳನ್ನು ಅವಳು ಓದುತ್ತಿರಲಿಲ್ಲ, ಪರಿಚಯದವರ ಮುಖ ಗುರುತು ಹಿಡಿದ ಹಾಗೆ ಹಿಡಿಯುತ್ತಿದ್ದಳು. ಬೋರ್ಡುಗಳ ಮೇಲಿನ ಕಂದು ಬಣ್ಣದ ಕೆಪಾಸಿಟರ್‌ಗಳೆಂದರೆ ಮಾತ್ರ ಅವಳಿಗೆ ಒಂದು ಬಗೆಯ ಸಮಾಧಾನ. ಎಳ್ಳಿಗಿಂತ ಸಣ್ಣ ಕಾಳು. ಮೈಮೇಲೆ ಒಂದು ಅಕ್ಷರವೂ ಇಲ್ಲ. ಬರೆದೇ ಇಲ್ಲದ ಮೇಲೆ ಡಿಗ್ರಿ ಮಾಡಿದವನಿಗೂ ನಾಲ್ಕನೇ ತರಗತಿಯವಳಿಗೂ ಅದು ಒಂದೇ.

ಆದರೆ ಆ ಕಾಳು ಉದುರಿ ಕಳೆದುಹೋದರೆ ಅದು ಎಷ್ಟರದ್ದು, ಯಾವುದು ಎಂದು ಯಾರನ್ನು ಕೇಳುವುದು? ಅದಕ್ಕೇ ಅವಳದೊಂದು ನಿಯಮ. "ಬೋರ್ಡಿಂದ ಏನಾದ್ರೂ ಉದುರಿದ್ರೆ ಕೋಣೆಯ ಕಸ ಸಮೇತ ತನ್ನಿ." ಜನ ನಗುತ್ತಿದ್ದರು, ನಗುತ್ತಲೇ ತರುತ್ತಿದ್ದರು. ಅಕ್ಕ ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ಕಾಗದ ಸುತ್ತಿ ಕಸದ ಮೇಲೆ ಮೆಲ್ಲಗೆ ಆಡಿಸುತ್ತಿದ್ದಳು. ಕೂದಲು, ಧೂಳು, ಬಿಸ್ಕತ್ತಿನ ಪುಡಿ ಎಲ್ಲ ಕೆಳಗೇ ಉಳಿದು, ಕಾಳು ಮಾತ್ರ ಹಾರಿ ಬಂದು ಕಾಗದಕ್ಕೆ ಅಂಟುತ್ತಿತ್ತು.

ಕಸದ ಮಾತು ಬಂದ ಮೇಲೆ ಅತ್ತೆಯ ಮಾತು ಬಾರದೆ ಇರುವುದಿಲ್ಲ. ಎಂಬತ್ತನಾಲ್ಕು ವರ್ಷ, ಬೆನ್ನು ಬಾಗಿದ್ದರೂ ಪೊರಕೆ ಬಾಗಿರಲಿಲ್ಲ. ದಿನಕ್ಕೆ ನಾಲ್ಕು ಸಲ ಗುಡಿಸದಿದ್ದರೆ ಅತ್ತೆಗೆ ಊಟ ಸೇರುತ್ತಿರಲಿಲ್ಲ. ದೊಡ್ಡ ಮಗನ ಮನೆ ಅರಮನೆಯ ಹಾಗಿತ್ತು. ಅಲ್ಲಿಗೆ ಹೋದ ಹದಿನೈದೇ ದಿನಕ್ಕೆ ಗಂಟು ಕಟ್ಟಿಕೊಂಡು ಸೊಸೆಯ ಹತ್ತಿರ ವಾಪಸ್ಸು ಬಂದಿದ್ದರು. "ಅಲ್ಲಿ ತಟ್ಟೆಯಂಥ ಒಂದು ಮಷಿನ್ ತಾನೇ ಓಡಾಡ್ಕೊಂಡು ಗುಡಿಸತ್ತೆ ಕಣೆ. ಮೂಲೆ ಬಿಡತ್ತೆ. ಬೈದ್ರೆ ಅದಕ್ಕೆ ಕಿವಿ ಇಲ್ಲ. ನನಗಲ್ಲಿ ಏನು ಕೆಲಸ?"

ಬಹಳ ಹಿಂದೆ ಒಮ್ಮೆ ಅತ್ತೆ ಗುಡಿಸಿ ಎಸೆದ ಒಂದು ಸ್ಪ್ರಿಂಗಿಗಾಗಿ ತಾಯಿ ಮಗ ಎಂಟು ದಿನ ಮಾತು ಬಿಟ್ಟಿದ್ದರು. ಒಂಬತ್ತನೇ ದಿನ ಅಕ್ಕನ ಗಂಡ ಕೆಂಪು ಬಣ್ಣದ ಡಬ್ಬಿ ತಂದು ಕೋಣೆಯ ನೆಲದ ಮೇಲೆ ಗೋಡೆಯಿಂದ ಗೋಡೆಗೆ ಗೆರೆ ಎಳೆದ. ಗೆರೆಯಿಂದಾಚೆ, ಬೆಂಚಿನ ಕಡೆಗೆ, ಪೊರಕೆ ಬರಕೂಡದು. ಗೆರೆಯಿಂದೀಚೆ, ಬಾಗಿಲ ಕಡೆಗೆ, ಅಮ್ಮನದೇ ರಾಜ್ಯ. ಅಲ್ಲಿ ಬಿದ್ದದ್ದು ಚಿನ್ನವಾದರೂ ಯಾರೂ ತುಟಿ ಪಿಟಕ್ಕೆನ್ನಕೂಡದು. ಗೆರೆ ಎಳೆದವನು ಹೋದ ಮೇಲೂ ಅತ್ತೆ ಒಂದು ದಿನವೂ ಅದನ್ನು ದಾಟಿದವರಲ್ಲ. ಬಣ್ಣ ಮಾಸಿದಾಗ ತಾವೇ ಮತ್ತೆ ಬಳಿಸಿದ್ದರು.

ಆ ಮಂಗಳವಾರ ಬೆಳಿಗ್ಗೆ ಮಗಳು ಟವೆಲಿನಲ್ಲಿ ಏನನ್ನೋ ಸುತ್ತಿ, ಹಸುಗೂಸಿನ ಹಾಗೆ ಎದೆಗೆ ಒತ್ತಿಕೊಂಡು ಬಂದಳು. ಬಿಚ್ಚಿದರೆ ಅವಳ ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು. ಇಟ್ಟಿಗೆಯಷ್ಟು ತೂಕ, ಮೂರು ಫ್ಯಾನು, ಒಂದು ಅಂಚಿನಲ್ಲಿ ಕಂಪ್ಯೂಟರಿಗೆ ಕಚ್ಚಿಕೊಳ್ಳಲು ಸಾಲಾಗಿ ಚಿನ್ನದ ಬಣ್ಣದ ಹಲ್ಲು.

ಮಗಳು ಕಟ್ಟಡಗಳ ನಕ್ಷೆ ಬರೆಯುವವಳು. ಬರೀ ನಕ್ಷೆಯಲ್ಲ; ಇನ್ನೂ ಕಟ್ಟದ ಕಟ್ಟಡದೊಳಗೆ ನಾವೇ ನಡೆದಾಡಿದಂತೆ ತೋರಿಸುವ ಚಲಿಸುವ ಚಿತ್ರ. ಐದು ವರ್ಷ ದೊಡ್ಡಪ್ಪನ ಆಫೀಸಿನಲ್ಲಿ ಆ ಕೆಲಸ ಮಾಡಿದಳು. ಬರೆದದ್ದೆಲ್ಲ ಅವಳು, ಕೆಳಗೆ ಸಹಿ ದೊಡ್ಡಪ್ಪನದು. ಎರಡು ತಿಂಗಳ ಹಿಂದೆ ಅದನ್ನು ಬಿಟ್ಟು ಎರಡು ಬೀದಿ ಆಚೆ ಸೈಕಲ್ ಅಂಗಡಿಯ ಮೇಲಿನ ಕೋಣೆ ಹಿಡಿದಿದ್ದಳು. ಹೊರಡುವಾಗ ದೊಡ್ಡಪ್ಪ ಬೈಯಲಿಲ್ಲ. "ಹೋಗಿ ನೋಡಮ್ಮ. ನಿನ್ನ ಕುರ್ಚಿಗೆ ಯಾರನ್ನೂ ಕೂರಿಸಲ್ಲ. ಹೇಗೂ ವಾಪಸ್ ಬರ್ತೀಯಲ್ಲ," ಎಂದು ನಕ್ಕಿದ್ದರು. ಬೈದಿದ್ದರೆ ಮರೆತುಹೋಗುತ್ತಿತ್ತೇನೋ. ಆ ಖಾಲಿ ಕುರ್ಚಿ ತಾಯಿ ಮಗಳಿಬ್ಬರಿಗೂ ಕಣ್ಣಲ್ಲಿ ಬಿದ್ದ ಕಸದ ಹಾಗಿತ್ತು.

ಸ್ವಂತವಾಗಿ ಸಿಕ್ಕ ಮೊದಲ ಕೆಲಸ ಒಂದು ಶಾಲೆಯ ಗ್ರಂಥಾಲಯದ್ದು. ಗುರುವಾರ ಸಂಜೆ ಐದರೊಳಗೆ ಚಿತ್ರ ಶಾಲೆಯ ಸಮಿತಿಗೆ ತಲುಪಬೇಕು. ತಲುಪದಿದ್ದರೆ ಕೆಲಸ ಸಾಲಿನಲ್ಲಿ ಎರಡನೆಯವರಿಗೆ. ಎರಡನೆಯವರು ಬೇರೆ ಯಾರೂ ಅಲ್ಲ, ದೊಡ್ಡಪ್ಪನ ಆಫೀಸು. ಈ ಒಂದು ಕೆಲಸ ಕೈತಪ್ಪಿದರೆ ಸೈಕಲ್ ಅಂಗಡಿಯ ಮೇಲಿನ ಕೋಣೆಗೆ ಬೀಗ, ಮಗಳಿಗೆ ಮತ್ತೆ ಅದೇ ಕುರ್ಚಿ.

"ಏನಾಯ್ತು?" ಅಕ್ಕ ಕೇಳಿದಳು.

"ತಾನಾಗೇ ಹೋಯ್ತಮ್ಮ."

"ನೀನು ಬಿಚ್ಚಲಿಲ್ಲ ತಾನೆ?"

"ಇಲ್ಲಮ್ಮ. ಒಂಥರಾ ಸುಟ್ಟ ವಾಸನೆ ಬಂತು, ತೆರೆ ಕಪ್ಪಾಗೋಯ್ತು. ಫ್ಯಾನ್ ತಿರುಗತ್ತೆ, ಆದ್ರೆ ಕಾರ್ಡ್ ಇದೆ ಅಂತ್ಲೇ ಮಷಿನ್‌ಗೆ ಗೊತ್ತಾಗ್ತಿಲ್ಲ. ಅದಿಲ್ದೆ ಆರು ಗಂಟೆ ಕೆಲಸ ಆರು ದಿನ ಹಿಡಿಯತ್ತೆ."

ಬೇರೆಯವರು ಅಂದಿದ್ದರೆ ಅಕ್ಕ ಮೂಗು ಮುರಿಯುತ್ತಿದ್ದಳು. ಅಂದದ್ದು ಮಗಳು, ನಂಬಿದಳು. ಸುಟ್ಟ ವಾಸನೆ ಅಂದಮೇಲೆ ಕರೆಂಟು ಒಳಗೆ ಬರುವ ಭಾಗವೇ ಹೋಗಿರಬೇಕು. ಫ್ಯಾನು ಕಳಚಿ, ಮೀಟರಿನ ಕಡ್ಡಿ ಹಿಡಿದು ಆ ಭಾಗವನ್ನು ಇಂಚಿಂಚು ಜಾಲಾಡಿದಳು. ಮೂಸಿದಳು. ಎಲ್ಲೂ ಸುಟ್ಟಿಲ್ಲ, ಊದಿಲ್ಲ, ಕಪ್ಪಾಗಿಲ್ಲ. ಮಧ್ಯಾಹ್ನದ ಊಟ ತಟ್ಟೆಯಲ್ಲೇ ಆರಿತು. ಸೊಂಟ ಹಿಡಿಯಿತು. ಸಂಜೆ ಐದಕ್ಕೆ, ಸಾಕಾಗಿ, ಕಾರ್ಡನ್ನು ತಿರುಗಿಸಿ ಇಡಲು ಹೋದಾಗ ಬೆಳಕು ಓರೆಯಾಗಿ ಬಿದ್ದು ಹಿಂಬದಿಯಲ್ಲಿ ಒಂದು ಗೀರು ಮಿಂಚಿತು.

ಅಕ್ಕ ಭೂತಗನ್ನಡಿ ಎಳೆದುಕೊಂಡಳು. ಒಂದು ಸ್ಕ್ರೂವಿನ ಪಕ್ಕದಿಂದ ಹೊರಟ ಗೀರು ನೇರ ಚಿನ್ನದ ಹಲ್ಲುಗಳ ಕಡೆಗೆ ಹೋಗಿತ್ತು. ಹಲ್ಲಿನ ಮೇಲ್ಗಡೆ ಆ ಕಂದು ಕಾಳುಗಳು ಶಾಲೆಯ ಮಕ್ಕಳಂತೆ ಎರಡೆರಡಾಗಿ ಸಾಲು ನಿಂತಿದ್ದವು, ಹದಿನಾರು ಜೋಡಿ. ಸಾಲಿನ ಮೊದಲ ಜೋಡಿಯಲ್ಲಿ ಒಂದು ಇಲ್ಲ. ಅದು ಇದ್ದ ಜಾಗದಲ್ಲಿ ಒಂದು ಬೆಳ್ಳಿ ಚುಕ್ಕೆ. ಎರಡು ಇರಬೇಕಿತ್ತು, ಇನ್ನೊಂದು ಚುಕ್ಕೆ ಕಾಳಿನ ಜೊತೆಗೇ ಕಿತ್ತು ಹೋಗಿತ್ತು.

ಸ್ಕ್ರೂಡ್ರೈವರ್ ಜಾರಿದ ಗುರುತು ಅವಳಿಗೆ ತನ್ನ ಅಂಗೈ ಗೆರೆಯಷ್ಟೇ ಪರಿಚಯ. ಕೋಪ ನೆತ್ತಿಗೇರಿತು.

ಆರಕ್ಕೆ ಮಗಳು ಬಂದಳು. ಅಕ್ಕ ಭೂತಗನ್ನಡಿಯ ಕೆಳಗೆ ಕಾರ್ಡು ಹಿಡಿದು, "ನೋಡು," ಅಂದಳು.

ಮಗಳು ನೋಡಿದಳು. ಮುಖ ಇಷ್ಟಾಯಿತು.

"ತಾನಾಗೇ ಹೋಯ್ತಾ?"

"ಅಮ್ಮ…"

"ಸ್ಕ್ರೂಡ್ರೈವರ್ ತಾನಾಗೇ ಎದ್ದು ನಡ್ಕೊಂಡು ಬಂತಾ? ಆ ಸುಟ್ಟ ವಾಸನೆ ಯಾವುದು? ನನ್ನ ಹೊಟ್ಟೆದಾ?"

"ತುಂಬಾ ಬಿಸಿಯಾಗ್ತಿತ್ತಮ್ಮ. ಫ್ಯಾನ್ ಒಳಗಿನ ಧೂಳು ತೆಗೆಯೋಣ ಅಂತ ಸ್ಕ್ರೂ ಬಿಚ್ಚಕ್ಕೆ ಹೋದೆ. ಕೈ ಜಾರ್ತು. ಏನೋ ಟಿಣ್ ಅಂತು."

"ಅದನ್ನ ಬೆಳಿಗ್ಗೇನೇ ಬೊಗಳಕ್ಕೇನಾಗಿತ್ತು? ಇಡೀ ದಿನ ಬೆಂಕಿಯೇ ಬೀಳದಿದ್ದ ಕಡೆ ಬೂದಿ ಹುಡುಕ್ದೆ ನಾನು!"

"ಹೇಳಿದ್ರೆ ಬೈತೀಯ ಅಂತ."

"ಈಗ? ಈಗೇನು ಮುದ್ದು ಮಾಡ್ತಾ ಇದೀನಾ?"

ಅತ್ತೆ ಗೆರೆಯ ಈಚೆ ಪೊರಕೆ ಊರಿಕೊಂಡು ನಿಂತು ಕೇಳುತ್ತಿದ್ದರು. "ಇಬ್ರೂ ಅರಚಬೇಡಿ. ಮೆಟ್ಟಿಲ ಧೂಳು ಉದುರತ್ತೆ, ನಾನೇ ಗುಡಿಸಬೇಕು," ಅಂದರು.

ಅಕ್ಕ ಹಲ್ಲು ಕಚ್ಚಿ ಮಗಳಿಗೆ ಒಂದೇ ಮಾತು ಹೇಳಿದಳು. "ನಾಳೆ ಬೆಳಿಗ್ಗೆ ನಿನ್ನ ಆಫೀಸಿನ ಕಸ ಪೂರ್ತಿ ಗುಡಿಸ್ಕೊಂಡು ಬಾ. ಒಂದು ಕೂದಲೂ ಬಿಡಬೇಡ."

ಬುಧವಾರ ಏಳೂವರೆಗೆ ಮಗಳು ಕಸ ತಂದಳು. ಮೇಜಿನಡಿ, ಕಪಾಟಿನ ಹಿಂದೆ, ಕಾಲೊರಸಿನ ಕೆಳಗೆ, ಎಲ್ಲ ಕಡೆಯದೂ ಒಂದು ಕಂದು ಕಾಗದದ ಕವರಿನಲ್ಲಿ. ಅಕ್ಕ ಒಳಗೆ ಮುಖ ತೊಳೆಯುತ್ತಿದ್ದಳು. ಮಗಳು ಕವರನ್ನು ಇಟ್ಟು, ಸದ್ದಿಲ್ಲದೆ ಹಿತ್ತಲಿಗೆ ಹೋಗಿ ಹಲ್ಲುಜ್ಜತೊಡಗಿದಳು. ಅಕ್ಕ ಅಯಸ್ಕಾಂತಕ್ಕೆ ಕಾಗದ ಸುತ್ತಿಕೊಂಡು ಬಂದರೆ ಬೆಂಚು ಖಾಲಿ.

"ಕವರೆಲ್ಲೇ?"

ಬಾಯಿ ತುಂಬ ನೊರೆ ಇಟ್ಟುಕೊಂಡು ಮಗಳು ಓಡಿ ಬಂದಳು. ನೆಲ ನೋಡಿದಳು. ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಅಜ್ಜೀ, ಇಲ್ಲಿ ಒಂದು ಕವರ್ ಇತ್ತಲ್ಲ?"

"ಕಸದ್ದಾ? ಹಾಕ್ದೆ."

"ಎಲ್ಲಿಗೆ?"

"ಕಸ ಎಲ್ಲಿಗೆ ಹಾಕ್ತಾರೆ, ಬೀರುಗಾ? ಗಾಡಿಯವನು ಬಂದಿದ್ದ, ಕೊಟ್ಟೆ. ಈಗ ತಾನೆ ಮೂಲೆ ತಿರುಗ್ದ."

ಅಕ್ಕ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅತ್ತೆಯದು ಮೆಟ್ಟಿಕೊಂಡು ಓಡಿದಳು. ಹಿಂದೆ ನೊರೆ ಬಾಯಿಯ ಮಗಳು. ಬೀದಿಯ ಬಾಗಿಲುಗಳೆಲ್ಲ ತೆರೆದವು. ಮೂರನೇ ತಿರುವಿನಲ್ಲಿ ಗಾಡಿ ಸಿಕ್ಕಿತು.

"ನಿಲ್ಸಪ್ಪಾ! ನಮ್ಮ ಕಸ ವಾಪಸ್ ಬೇಕು!"

ಗಾಡಿಯವನು ಇಪ್ಪತ್ತು ವರ್ಷದಲ್ಲಿ ಈ ಮಾತನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ. "ಏನಕ್ಕ, ಬಂಗಾರ ಬಿತ್ತಾ?"

"ಬಂಗಾರ ಅಲ್ಲಪ್ಪ. ಎಳ್ಳಷ್ಟು ದಪ್ಪ ಒಂದು ಕಾಳು."

ಅವನು ಅಕ್ಕನನ್ನು ನೋಡಿದ, ತನ್ನ ಆಳೆತ್ತರದ ರಾಶಿಯನ್ನು ನೋಡಿದ. "ಎಳ್ಳಷ್ಟಾ?"

"ಎಳ್ಳಿಗಿಂತ ಸಣ್ಣದು."

"ಹತ್ತಿ ಹುಡುಕಿ ಅಕ್ಕ, ಬೇಡ ಅನ್ನಲ್ಲ. ಆದ್ರೆ ಒಂದು ಬೀದಿದು ಈಗಾಗ್ಲೇ ಕೆಳಗೆ ಒತ್ತಿಬಿಟ್ಟಿದೀನಿ."

ಒಳ್ಳೆಯವನು, ಹತ್ತು ನಿಮಿಷ ಗಾಡಿ ನಿಲ್ಲಿಸಿದ. ತಾಯಿ ಮಗಳು ಹನ್ನೊಂದು ಕಂದು ಕವರು ಬಿಚ್ಚಿದರು. ಊರಿನವರು ಏನೇನು ತಿಂದು ಬಿಸಾಡುತ್ತಾರೆ ಎಂಬುದು ತಿಳಿಯಿತೇ ಹೊರತು ಕಾಳು ಸಿಗಲಿಲ್ಲ.

ವಾಪಸ್ಸು ಬಂದಾಗ ಅತ್ತೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಪೊರಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಕ್ಕ ಬಾಯಿ ತೆರೆಯುವ ಮೊದಲೇ ಕೈ ಎತ್ತಿದರು. "ನನ್ನನ್ನ ಬೈಯೋಕೆ ಮುಂಚೆ ಇವಳನ್ನ ಕೇಳು. ಕವರು ಗೆರೆ ಆಚೆ ಇತ್ತೋ, ಈಚೆ ಇತ್ತೋ?"

ಅಕ್ಕ ಮಗಳ ಕಡೆ ತಿರುಗಿದಳು. ಮಗಳು ಕಾಲುಬೆರಳಿನಿಂದ ಒಂದು ಜಾಗ ತೋರಿಸಿದಳು. ಕೆಂಪು ಗೆರೆಯಿಂದ ಒಂದು ಗೇಣು ಈಚೆ.

"ಮುಗೀತಲ್ಲ," ಅಂದರು ಅತ್ತೆ. "ಅಲ್ಲಿಟ್ಟಿದ್ದನ್ನ ನನ್ನ ಪೊರಕೆ ಮುಟ್ಟಿದ್ರೆ ಕೇಳು. ಇಲ್ಲಿಟ್ಟ ಮೇಲೆ ಅದು ಕಸ. ನನ್ನ ಮಗ ಎಳೆದ ಗೆರೆ."

"ಮೂರು ಹೆಜ್ಜೆ!" ಅಕ್ಕ ಮಗಳ ಮೇಲೆ ಹರಿಹಾಯ್ದಳು. "ಬೆಂಚಿಗೆ ಮೂರು ಹೆಜ್ಜೆ! ಈ ಮನೇಲಿ ಹುಟ್ಟಿ ಬೆಳೆದವಳು, ಗೆರೆ ಈಚೆ ಏನೂ ಇಡಬಾರ್ದು ಅಂತ ಗೊತ್ತಿಲ್ವಾ? ಬಾಗಿಲಲ್ಲೇ ಯಾಕಿಟ್ಟೆ?"

"ಬೆಂಚಿನ ಹತ್ರ ಬಂದ್ರೆ ನೀನು ಮತ್ತೆ ಶುರು ಮಾಡ್ತೀಯ ಅಂತ. ಇಟ್ಟು ಓಡಿಹೋದೆ."

ಅಕ್ಕ ಇನ್ನೇನೋ ಅನ್ನಬೇಕೆಂದಿದ್ದಳು. ನಿನ್ನೆಯ ಸುಳ್ಳಿಗೂ ಇವತ್ತಿನ ಅವಾಂತರಕ್ಕೂ ಮೂಲ ಒಂದೇ: ತನ್ನ ಬಾಯಿ. ಟೈಲರ್ ಸುಳ್ಳು ಹೇಳಿದ್ದೂ, ಹಾಲಿನ ಟೇಪ್‌ರೆಕಾರ್ಡರಿನವನು ಹೇಳಿದ್ದೂ ಇದಕ್ಕೇ ಇರಬಹುದೇ? ಯೋಚನೆ ಬಂದದ್ದೇ ತಡ, ಅದರ ಮೇಲೂ ಅವಳಿಗೆ ಸಿಟ್ಟು ಬಂತು. ಕೆಡಿಸಿ ತರುವವರು ಅವರು, ಈಗ ತಪ್ಪು ತನ್ನದೋ!

ಮಧ್ಯಾಹ್ನ ಪಾರ್ಟ್ಸ್ ಅಂಗಡಿಗೆ ಹೋದಳು. ಅಂಗಡಿಯವನು ಕಾರ್ಡನ್ನು ಕಣ್ಣಿಗೆ ಹಿಡಿದು, "ಇಷ್ಟು ಸಣ್ಣದು ನಾವು ಇಡಲ್ಲ. ತರಿಸಬೇಕು. ಒಂದು ವಾರ," ಅಂದ. ಮನೆಗೆ ಬಂದು ಸತ್ತ ಹಳೇ ಕಾರ್ಡುಗಳ ಡಬ್ಬಿ ಬೋರಲು ಹಾಕಿದಳು. ಆ ಕಾಲದ ಕಾಳುಗಳು ಇದರ ಪಕ್ಕದಲ್ಲಿ ಎಳ್ಳಿನ ಪಕ್ಕ ಅಕ್ಕಿ ಇಟ್ಟ ಹಾಗೆ. ಆ ಜಾಗದಲ್ಲಿ ಕೂರುವಂಥವಲ್ಲ.

ಮಗಳು ಮೆಟ್ಟಿಲ ಮೇಲೆ ಕೂತಿದ್ದಳು. "ಅಮ್ಮ, ದೊಡ್ಡಪ್ಪನ ಆಫೀಸಲ್ಲಿ ಇಂಥ ಮಷಿನ್ ಇದೆ. ಒಂದು ದಿನ ಕೇಳ್ಲಾ?"

"ಕೇಳು. ಕೊಡ್ತಾರೆ. ಕುರ್ಚಿ ಸಮೇತ ಕೊಡ್ತಾರೆ."

ಮಗಳು ಕೈಗೆತ್ತಿಕೊಂಡಿದ್ದ ಫೋನನ್ನು ಕೆಳಗಿಟ್ಟಳು.

ಅಕ್ಕ ಬೆಂಚಿಗೆ ಮೊಳಕೈ ಊರಿ ಆ ಸಾಲನ್ನೇ ದಿಟ್ಟಿಸಿದಳು. ಮೂವತ್ತೊಂದು ಕಾಳು, ಒಂದೇ ಅಚ್ಚಿನವು. ನೋಡನೋಡುತ್ತ ಎರಡು ವರ್ಷದ ಹಿಂದಿನ ಒಂದು ಕಾರ್ಡು ನೆನಪಿಗೆ ಬಂತು. ಕಂಪ್ಯೂಟರ್ ಆಟದ ಅಂಗಡಿಯವನು ಫ್ಯಾನು ಕಿರುಗುಡುತ್ತದೆ ಎಂದು ತಂದದ್ದು. ನೀಲಿ ಪಟ್ಟಿ, ಮೂಲೆಯಲ್ಲಿ ಸಿಗರೇಟಿನ ಕಲೆ. ಅದರ ಸಾಲಿನ ಕೊನೆಯಲ್ಲಿ ಮೂರು ಕಾಳು ಇರಲೇ ಇಲ್ಲ. ಅವನಿಗೆ ಅದು ಗೊತ್ತೇ ಇರಲಿಲ್ಲ. ಕಾರ್ಡು ಆರಾಮಾಗಿ ಓಡುತ್ತಿತ್ತು. ಕೊಂಚ ನಿಧಾನ ಅಂದಿದ್ದ, ಅಷ್ಟೆ. ಅದಾದ ಮೇಲೆ ಬಂದ ಇನ್ನೊಂದರಲ್ಲಿ ಸಾಲಿನ ಮೊದಲನೆಯದೇ ಉದುರಿತ್ತು. ಅದು ಇದರ ಹಾಗೆಯೇ, ಫ್ಯಾನು ತಿರುಗಿಸಿಕೊಂಡು ಸತ್ತು ಮಲಗಿತ್ತು.

ಅಂದರೆ ಕಂಪ್ಯೂಟರಿನ ಬಾಗಿಲು ಬಡಿಯುವವರು ಸಾಲಿನ ಮುಂದಿನವರು. ಅವರು ಬಾರದಿದ್ದರೆ ಬಾಗಿಲೇ ತೆರೆಯುವುದಿಲ್ಲ. ಹಿಂದಿನ ಸಾಲಿನವರು ಒಬ್ಬಿಬ್ಬರು ಕಡಿಮೆಯಾದರೆ ಹೊರುವ ಕೈ ಕಡಿಮೆ, ಕೆಲಸ ನಿಧಾನ, ನಿಲ್ಲುವುದಂತೂ ಇಲ್ಲ.

"ಏಳು," ಅಂದಳು ಮಗಳಿಗೆ. "ಕಾಳು ಸಿಕ್ತು."

"ಎಲ್ಲಿ?"

"ಇದರ ಮೈಮೇಲೇ ಇದೆ. ಕೊನೇದನ್ನ ಕಿತ್ತು ಮೊದಲನೇ ಜಾಗಕ್ಕೆ ಕೂರಿಸ್ತೀನಿ. ಸ್ವಲ್ಪ ಕುಂಟ್ಕೊಂಡು ನಡೆಯತ್ತೆ."

"ಹಾಗಾದ್ರೆ ಈಗ್ಲೇ ಮಾಡಮ್ಮ!"

"ಸಂಜೆ ಬೆಳಕಿಗೆ ನನ್ನ ಕಣ್ಣು ಸುಳ್ಳು ಹೇಳತ್ತೆ, ನಿನ್ನ ಹಾಗೆ. ಬೆಳಿಗ್ಗೆ ಮಾಡ್ತೀನಿ. ನಿನಗೆ ಆರು ಗಂಟೆ ಬೇಕಲ್ವಾ? ಹತ್ತಕ್ಕೆ ಕೊಡ್ತೀನಿ."

ಗುರುವಾರ ಎಂಟಕ್ಕೆ ಕೂತಳು. ಮೊದಲು ಕಿತ್ತುಹೋದ ಚುಕ್ಕೆಯ ಕೆಲಸ. ಅದಕ್ಕೆ ಹೋಗುವ ತಾಮ್ರದ ದಾರಿ ಹಸಿರು ಬಣ್ಣದ ಕೆಳಗೆ ಅಡಗಿತ್ತು. ಬ್ಲೇಡಿನ ತುದಿಯಿಂದ ಬಣ್ಣವನ್ನು ಉಸಿರು ಬಿಗಿಹಿಡಿದು ಹೆರೆದಳು, ತಾಮ್ರ ಮಿಂಚಿತು. ಅಲ್ಲಿಂದ ಕಾಳಿಗೆ ಕೂದಲಿನಂಥ ಒಂದು ತಂತಿ ಬೇಕು. ಕೈಯಲ್ಲಿದ್ದ ತಂತಿಗಳೆಲ್ಲ ದಪ್ಪ. ಅಕ್ಕ ತಲೆ ಎತ್ತಿ ಕಪಾಟಿನ ಮೇಲಿದ್ದ ಗಂಡನ ಕೊನೆಯ ರೇಡಿಯೊ ನೋಡಿದಳು. ಅದರೊಳಗಿನ ಏರಿಯಲ್ ಸುರುಳಿಯನ್ನು ಸುತ್ತಿದ್ದು ಅವಳೇ, ಮದುವೆಯಾದ ವರ್ಷ. ಕೂದಲಿನಂಥ ಎಳೆಗಳನ್ನು ಹೊಸೆದು ಮಾಡಿದ ತಂತಿ.

ರೇಡಿಯೊ ಕೆಳಗಿಳಿದದ್ದು ಕಂಡು ಅತ್ತೆ ಗೆರೆಯವರೆಗೂ ಬಂದರು. "ಅದು ನನ್ನ ಮಗಂದು."

"ನನ್ನ ಗಂಡಂದೂ ಹೌದು ಅತ್ತೆ. ಒಂದು ಎಳೆ ಸಾಕು."

ಅತ್ತೆ ರೇಡಿಯೊವನ್ನೊಮ್ಮೆ ನೋಡಿ, "ಮುಚ್ಚಿಡುವಾಗ ಮೇಲಿನ ಧೂಳು ಒರೆಸಿಡು," ಅಂದು ಹಿಂದೆ ಸರಿದರು.

ಮಗಳ ಕೈಗೆ ದೀಪ ಬಂತು. ಅಕ್ಕ ಬೆಸುಗೆಯ ಪೇಸ್ಟ್ ಹಚ್ಚಿ, ಬಿಸಿಗಾಳಿ ಹಾಯಿಸಿ, ಸಾಲಿನ ಕೊನೆಯ ಕಾಳನ್ನು ಚಿಮಟದಲ್ಲಿ ಎತ್ತಿದಳು.

"ಇತ್ತ ಹಿಡಿ. ಅತ್ತ. ನೆರಳು ಬೀಳಿಸಬೇಡ. ಉಸಿರು ಆ ಕಡೆ ಬಿಡು, ಹಾರಿಹೋದ್ರೆ ಇನ್ನೊಂದಿಲ್ಲ."

ಮಗಳ ಕೈ ನಡುಗಿತು. ಬೆಳಕು ಓಲಾಡಿತು. ಅಕ್ಕನ ನಾಲಿಗೆಯ ತುದಿಗೆ ಬಂದ ಮಾತು ಹಲ್ಲಿನ ಹಿಂದೆಯೇ ನಿಂತಿತು. ನಿಲ್ಲಿಸುವುದಕ್ಕೆ ಪಟ್ಟ ಕಷ್ಟ ಕಾಳು ಕೂರಿಸುವ ಕಷ್ಟಕ್ಕಿಂತ ಕಡಿಮೆಯದಲ್ಲ. "ಮೊಳಕೈ ಬೆಂಚಿನ ಮೇಲೆ ಊರ್ಕೋ," ಎಂದಷ್ಟೇ ಅಂದಳು. "ನಿಮ್ಮಪ್ಪನ ಮುಂದೆ ನನ್ನ ಕೈಯೂ ನಡುಗ್ತಿತ್ತು."

ಮಗಳು ಮೊಳಕೈ ಊರಿದಳು. ಬೆಳಕು ನಿಂತಿತು. ಕಾಳಿನ ಒಂದು ತುದಿ ಬೆಳ್ಳಿ ಚುಕ್ಕೆಗೆ ಕಚ್ಚಿತು. ಇನ್ನೊಂದು ತುದಿಗೆ ಕೂದಲೆಳೆಯ ತಂತಿ, ತಂತಿಯ ಮತ್ತೊಂದು ತುದಿ ಹೆರೆದ ತಾಮ್ರಕ್ಕೆ. ಮೂರು ಸಲ ಜಾರಿತು. ನಾಲ್ಕನೇ ಸಲ ಕೂತಿತು. ಸ್ಪಿರಿಟ್ ಹಾಕಿ ಒರೆಸಿ, ಫ್ಯಾನು ಮುಚ್ಚಿ, ತಾಯಿ ಮಗಳು ಕಾರ್ಡನ್ನು ಅದೇ ಟವೆಲಿನಲ್ಲಿ ಸುತ್ತಿಕೊಂಡು ಸೈಕಲ್ ಅಂಗಡಿಯ ಮೇಲಿನ ಕೋಣೆಗೆ ಓಡಿದರು.

ಸ್ವಿಚ್ಚು ಒತ್ತಿದಾಗ ಫ್ಯಾನು ತಿರುಗಿತು. ತೆರೆ ಕಪ್ಪಾಗೇ ಇತ್ತು. ಆಮೇಲೆ ತೆರೆ ಬೆಳಗಿತು. ಗ್ರಂಥಾಲಯದ ಕಿಟಕಿಗಳಿಂದ ಬಿಸಿಲು ಒಳಗೆ ಬಿದ್ದಿತ್ತು. ಗಡಿಯಾರ ಹತ್ತು ಗಂಟೆ ಐದು ನಿಮಿಷ ತೋರಿಸುತ್ತಿತ್ತು.

ಆರು ಗಂಟೆಯ ಕೆಲಸ ಕುಂಟುತ್ತ ಆರೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅಕ್ಕ ಅಲ್ಲೇ ಕೂತು ಫ್ಯಾನಿನ ಸದ್ದಿಗೆ ಕಿವಿ ಕೊಟ್ಟಿದ್ದಳು, ಜ್ವರದ ಮಗುವಿನ ಪಕ್ಕ ಕೂತ ಹಾಗೆ. ಐದಕ್ಕೆ ಎಂಟು ನಿಮಿಷ ಇರುವಾಗ ಚಿತ್ರ ಹೊರಟಿತು. ಐದಕ್ಕೆ ಎರಡು ನಿಮಿಷ ಇರುವಾಗ ತಲುಪಿತು ಎಂದು ಸಮಿತಿಯವರ ಉತ್ತರ ಬಂತು.

ಆರಕ್ಕೆ ಮನೆಯಲ್ಲಿ ಫೋನು ಬಡಿದುಕೊಂಡಿತು. ದೊಡ್ಡಪ್ಪ. ಮಗಳು ಎಲ್ಲರಿಗೂ ಕೇಳುವ ಹಾಗೆ ಬೆಂಚಿನ ಮೇಲಿಟ್ಟಳು.

"ಏನಮ್ಮ, ಮಷಿನ್ ಕೈಕೊಟ್ಟಿತ್ತಂತೆ? ಸೈಕಲ್ ಅಂಗಡಿಯವನು ಹೇಳ್ದ. ಇಲ್ಲಿಗೆ ಬರಬಾರ್ದಿತ್ತಾ? ಕುರ್ಚಿ ಖಾಲಿ ಇದೆಯಲ್ಲ."

"ಕೆಲಸ ಹೋಗಿ ತಲುಪಿತು ದೊಡ್ಡಪ್ಪ. ಕುರ್ಚಿ ಮೇಲೆ ಯಾರನ್ನಾದ್ರೂ ಕೂರಿಸಿ, ಪಾಪ, ಧೂಳು ಕೂರತ್ತೆ."

"ಹೌದಾ? ಹೇಗೆ? ಯಾರು ರಿಪೇರಿ ಮಾಡಿದ್ರು? ಏನಾಗಿತ್ತು ಅದಕ್ಕೆ?"

ಮಗಳು ಅಮ್ಮನ ಮುಖ ನೋಡಿದಳು. ಸ್ಕ್ರೂಡ್ರೈವರ್ ಜಾರಿದ್ದನ್ನು ದೊಡ್ಡಪ್ಪನ ಮುಂದೆ ಹೇಳಿದರೆ ಹತ್ತು ವರ್ಷ ಆಡಿಕೊಳ್ಳುತ್ತಾರೆ.

"ಏನಿಲ್ಲ ದೊಡ್ಡಪ್ಪ. ತಾನಾಗೇ ಸರಿಹೋಯ್ತು."

ಅಕ್ಕನ ಕೈಯಲ್ಲಿದ್ದ ಒರೆಸುವ ಬಟ್ಟೆ ಹಾರಿ ಹೋಗಿ ಮಗಳ ಮುಖಕ್ಕೆ ಬಡಿದು, ಕೆಂಪು ಗೆರೆಯಿಂದ ಒಂದು ಗೇಣು ಈಚೆ ಬಿತ್ತು. ಅತ್ತೆ ಕುರ್ಚಿಯಿಂದ ಎದ್ದು, ಪೊರಕೆ ಊರಿಕೊಂಡು ಬಂದು, ಅದನ್ನು ಗುಡಿಸಿಕೊಂಡು ಹೋದರು.